ಬೊಕ್ಕಸ ಬಡವಾದಾಗ ಕಾಮಗಾರಿ ನಿಲ್ಲಿಸಿದರೆ ಉಳಿಯುವುದೆಷ್ಟು?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದವು. ಸಿಮೆಂಟಿನ ಮೇಲಿನ ತೆರಿಗೆ ಶೇ 28ರಿಂದ 18ಕ್ಕೆ ಬಂತು, ಟ್ರ್ಯಾಕ್ಟರಿನದು ಶೇ 12ರಿಂದ 5ಕ್ಕೆ, ಇನ್‌ಸ್ಟಂಟ್ ಕಾಫಿಯದು ಶೇ 18ರಿಂದ 5ಕ್ಕೆ. ಖರೀದಿ ಹೆಚ್ಚಿ ನಷ್ಟ ತುಂಬಿಬರುತ್ತದೆ ಎಂದಿತು ಕೇಂದ್ರ. ವರಮಾನ ಖೋತಾ ಆಗುತ್ತದೆ, ಪರಿಹಾರ ಕೊಡಿ ಎಂದಿತು ಕರ್ನಾಟಕ. ಅದಾದ ಮೂರು ತಿಂಗಳಿಗೆ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿ, ವೆಚ್ಚದಲ್ಲಿ ರಾಜ್ಯದ ಪಾಲನ್ನು ಶೇ 40ಕ್ಕೆ ಏರಿಸಿತು. ಇತ್ತ ಗುತ್ತಿಗೆದಾರರು ಬಾಕಿ ಬಿಲ್ ಕೊಡಿ ಎಂದು ಕೇಳುತ್ತಲೇ ಇದ್ದಾರೆ.

ಸಕಲೇಶಪುರದಲ್ಲೋ ಕಡೂರಿನಲ್ಲೋ ಕುಳಿತು ಇದನ್ನೆಲ್ಲ ಓದುವವರಿಗೆ ಗೊಂದಲವಾಗುವುದು ಸಹಜ. ಬಜೆಟ್ ನಾಲ್ಕು ಲಕ್ಷ ಕೋಟಿ ದಾಟಿದೆ ಎನ್ನುತ್ತಾರೆ, ಊರಿನ ಮೋರಿ ಕಟ್ಟಲು ದುಡ್ಡಿಲ್ಲ ಎಂದೂ ಹೇಳುತ್ತಾರೆ. ಹಣ ಇದೆಯೋ ಇಲ್ಲವೋ? ಇಲ್ಲವಾದರೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬಂತೆ ಸರ್ಕಾರ ಖರ್ಚು ಇಳಿಸಬಾರದೇಕೆ?

ಆ ಗಾದೆ ಮನೆಗೆ ಸರಿ. ಮನೆಯವರು ಖರ್ಚು ಕಡಿಮೆ ಮಾಡಿದರೆ ಅವರ ಸಂಬಳವೇನೂ ಕಡಿಮೆಯಾಗದು. ಸರ್ಕಾರದ ಖರ್ಚು ಮಾತ್ರ ಊರಿನವರ ಆದಾಯ, ಆ ಆದಾಯದ ಒಂದು ಭಾಗವೇ ತಿರುಗಿ ತೆರಿಗೆಯಾಗಿ ಬರುತ್ತದೆ. ಅಂದರೆ ಇಲ್ಲಿ ಕಾಲು ಮಡಚಿದಷ್ಟೂ ಹಾಸಿಗೆಯೂ ಒಂದಿಷ್ಟು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ, ಯಾರ ಕಡೆ ಕುಗ್ಗುತ್ತದೆ ಎಂಬುದರಲ್ಲೇ ಈ ಚರ್ಚೆಯ ತಿರುಳಿದೆ.

ಕೊರತೆ ಎಂದರೆ ಯಾವ ಕೊರತೆ?

2025–26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ತೆರಿಗೆ, ಶುಲ್ಕ, ಕೇಂದ್ರದ ತೆರಿಗೆ ಪಾಲು, ಅನುದಾನ ಎಲ್ಲ ಸೇರಿ ಬರುವ ರಾಜಸ್ವ ಸ್ವೀಕೃತಿಯ ಅಂದಾಜು 2,92,477 ಕೋಟಿ. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ಗ್ಯಾರಂಟಿ ಯೋಜನೆಗಳಂಥ ರಾಜಸ್ವ ವೆಚ್ಚ 3,11,739 ಕೋಟಿ. ನಡುವಿನ 19,262 ಕೋಟಿಯೇ ರಾಜಸ್ವ ಕೊರತೆ. ರಸ್ತೆ, ನಾಲೆ, ಕಟ್ಟಡಗಳ ಬಂಡವಾಳ ವೆಚ್ಚ 71,336 ಕೋಟಿಯನ್ನು ಇದಕ್ಕೆ ಸೇರಿಸಿ, ಸಣ್ಣಪುಟ್ಟ ಬಂಡವಾಳ ಸ್ವೀಕೃತಿ ಕಳೆದರೆ ವಿತ್ತೀಯ ಕೊರತೆ 90,428 ಕೋಟಿ. ಗಾತ್ರದಲ್ಲಿ ಉಳಿದ 26,474 ಕೋಟಿ ಹಳೆಯ ಸಾಲದ ಅಸಲು ತೀರಿಸಲು ಹೋಗುತ್ತದೆ.

ಬೆಳೆಗಾರರೊಬ್ಬರು ಸಾಲ ತಂದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಹಾಕಿಸುವುದು ಬೇರೆ, ಸಾಲ ತಂದು ವಾರದ ಬಟವಾಡೆ ಮಾಡುವುದು ಬೇರೆ. ಮೊದಲನೆಯದು ಮುಂದೆ ಆದಾಯ ತರುತ್ತದೆ, ಎರಡನೆಯದು ಆ ವಾರ ದಾಟಿಸುತ್ತದೆ, ಅಷ್ಟೇ. ರಾಜಸ್ವ ಕೊರತೆ ಎರಡನೇ ಬಗೆಯದು. ಮೇಲಿನ ಅಂಕಿಗಳ ಪ್ರಕಾರ ಕೊರತೆ ತುಂಬಲು ತರುವ ಪ್ರತಿ 100 ರೂಪಾಯಿ ಸಾಲದಲ್ಲಿ ಸುಮಾರು 21 ರೂಪಾಯಿ ದೈನಂದಿನ ಖರ್ಚಿಗೆ ಸಲ್ಲುತ್ತದೆ. 2004–05ರಿಂದ 2019–20ರವರೆಗೆ ರಾಜಸ್ವ ಹೆಚ್ಚುವರಿ ಉಳಿಸಿಕೊಂಡಿದ್ದ ರಾಜ್ಯ ಇದು. ಕೋವಿಡ್ ಬಂದ 2020–21ರಲ್ಲಿ ಆ ಸರಪಳಿ ಕಡಿಯಿತು. ಆಗಿನ ಕೊರತೆಗೆ ಹಿಂಜರಿತವೇ ಕಾರಣ. ಈಗ ಹಿಂಜರಿತ ಇಲ್ಲ. ಒಳ್ಳೆಯ ಕಾಲದಲ್ಲೇ ಕೊರತೆ ಇದ್ದರೆ ಕೆಟ್ಟ ಕಾಲಕ್ಕೆ ಜಾಗ ಉಳಿಯುವುದಿಲ್ಲ. ಚಿಂತೆ ಪಡಬೇಕಾದ್ದು ಇದಕ್ಕೆ.

ಮೊದಲು ಒಣಗುವುದು ಯಾವ ತೆರಿಗೆ?

ಅದೇ ಬಜೆಟ್ಟಿನಲ್ಲಿ ರಾಜ್ಯದ ಸ್ವಂತ ತೆರಿಗೆಯ ಅಂದಾಜು 2,08,100 ಕೋಟಿ. ಇದರಲ್ಲಿ ಜಿಎಸ್‌ಟಿ ಸೇರಿದ ವಾಣಿಜ್ಯ ತೆರಿಗೆ 1,20,000 ಕೋಟಿ, ಅಬಕಾರಿ 40,000 ಕೋಟಿ, ನೋಂದಣಿ ಮತ್ತು ಮುದ್ರಾಂಕ 28,000 ಕೋಟಿ, ಮೋಟಾರು ವಾಹನ ತೆರಿಗೆ 15,000 ಕೋಟಿ. ಆರ್ಥಿಕ ಹಿಂಜರಿತ ಬಂದರೆ ಇವೆಲ್ಲ ಒಂದೇ ಹದದಲ್ಲಿ ಇಳಿಯುವುದಿಲ್ಲ. ಜನ ಮೊದಲು ಮುಂದೂಡುವುದು ಸೈಟು ಮತ್ತು ವಾಹನದ ಖರೀದಿಯನ್ನು. ಹಾಗಾಗಿ ಉಪನೋಂದಣಿ ಕಚೇರಿ ಮತ್ತು ಆರ್‌ಟಿಒ ವರಮಾನ ಮೊದಲು ಕುಸಿಯುತ್ತದೆ. ಅಕ್ಕಿ, ಬೇಳೆ, ಸೋಪು ನಿಲ್ಲುವುದಿಲ್ಲವಾದ್ದರಿಂದ ಜಿಎಸ್‌ಟಿ ಸ್ವಲ್ಪ ತಡೆದು ಇಳಿಯುತ್ತದೆ. ಅಬಕಾರಿ ಎಲ್ಲಕ್ಕಿಂತ ಗಟ್ಟಿ. ಹಣ ಸಾಲದಾದಾಗ ಸರ್ಕಾರಗಳು ಮದ್ಯದ ದರದ ಕಡೆಗೇ ಕೈ ಚಾಚುವುದು ಅದಕ್ಕೇ, ಬಡ ಕುಟುಂಬಗಳ ಮೇಲೆ ಅದರ ಹೊರೆ ಎಷ್ಟೆಂದು ಗೊತ್ತಿದ್ದೂ.

ಹಾಸನ, ಚಿಕ್ಕಮಗಳೂರಿನಲ್ಲಿ ಈ ಹರಿವಿಗೆ ಇನ್ನೊಂದು ವಿಶೇಷವಿದೆ. ಕಾಫಿಗೆ 2024–25ರಲ್ಲಿ ದಾಖಲೆ ಬೆಲೆ ಬಂತು. ಆದರೆ ಕೃಷಿ ಆದಾಯ ಕೇಂದ್ರದ ಆದಾಯ ತೆರಿಗೆಗೆ ಒಳಪಡುವುದಿಲ್ಲ. ಆದಾಯ ತೆರಿಗೆ ನಿಯಮಗಳ ಪ್ರಕಾರ, ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ (ಹೊಟ್ಟು ತೆಗೆದು ಬೀಜ ಹಸನು ಮಾಡಿ) ಮಾರಿದರೆ ಆದಾಯದ ಶೇ 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ಮಾತ್ರ ವ್ಯಾಪಾರದ ಆದಾಯ ಎನಿಸಿಕೊಳ್ಳುತ್ತದೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮೂಟೆಯ ಬೆಲೆ ಏರಿದ್ದು ಬೊಕ್ಕಸಕ್ಕೆ ತಲುಪುವುದು ಹೆಚ್ಚಾಗಿ ಸುತ್ತು ದಾರಿಯಲ್ಲಿ: ಬೆಳೆಗಾರರು ಮನೆ ಕಟ್ಟಿದಾಗ ಸಿಮೆಂಟಿನ ಜಿಎಸ್‌ಟಿಯಾಗಿ, ಜೀಪು ಕೊಂಡಾಗ ವಾಹನ ತೆರಿಗೆಯಾಗಿ, ತೋಟ ಕೈ ಬದಲಾದಾಗ ಮುದ್ರಾಂಕವಾಗಿ.

ಬೆಲೆ ಬಿದ್ದಾಗಲೂ ದಾರಿ ಇದೇ, ದಿಕ್ಕು ಮಾತ್ರ ಉಲ್ಟಾ. 2000ದಿಂದ ಮೂರ್ನಾಲ್ಕು ವರ್ಷ ಜಾಗತಿಕ ಕಾಫಿ ಬೆಲೆ ನೆಲ ಕಚ್ಚಿದಾಗ ತೋಟಗಳಲ್ಲಿ ಗೊಬ್ಬರ ಕಡಿಮೆಯಾಯಿತು, ಆಳುಗಳ ಕೆಲಸದ ದಿನಗಳು ಕಡಿಮೆಯಾದವು, ಸಂತೆಯ ವ್ಯಾಪಾರ ಇಳಿಯಿತು. 2002ರಲ್ಲಿ ಬೆಳೆಗಾರರ ಸಾಲಗಳನ್ನು ವಿಶೇಷ ಅವಧಿ ಸಾಲವಾಗಿ ಪರಿವರ್ತಿಸಬೇಕಾಯಿತು, 2010ರಲ್ಲಿ ಮತ್ತೆ ಸಾಲ ಪರಿಹಾರ ಪ್ಯಾಕೇಜ್ ಬೇಕಾಯಿತು. ಬೆಂಗಳೂರು ಬೆಳೆಯುತ್ತಿದ್ದುದರಿಂದ ರಾಜ್ಯದ ಲೆಕ್ಕದಲ್ಲಿ ಆ ಹಿಂಜರಿತ ಕಾಣಲೇ ಇಲ್ಲ. ಮಲೆನಾಡಿನ ಎರಡು ಮೂರು ಜಿಲ್ಲೆಗಳಿಗೆ ಮಾತ್ರ ಅದು ಪೂರ್ತಿ ಹಿಂಜರಿತವಾಗಿತ್ತು.

ಸ್ವಂತ ತೆರಿಗೆ ಇಳಿದಾಗ ಕೇಂದ್ರದ ಪಾಲಾದರೂ ಆಧಾರವಾಗುತ್ತದೆಯೇ? 2020–21ರ ಕೇಂದ್ರ ಬಜೆಟ್ ಎಲ್ಲ ರಾಜ್ಯಗಳಿಗೆ ಸೇರಿ 7.84 ಲಕ್ಷ ಕೋಟಿ ತೆರಿಗೆ ಪಾಲು ಅಂದಾಜಿಸಿತ್ತು. ಕೊನೆಗೆ ಬಂದದ್ದು ಸುಮಾರು 5.95 ಲಕ್ಷ ಕೋಟಿ, ಹೆಚ್ಚೂಕಡಿಮೆ ಕಾಲು ಭಾಗ ಕಡಿತ. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರವು ಪೆಟ್ರೋಲ್ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ಏರಿಸಿದ್ದು ರಸ್ತೆ ಸೆಸ್ ಮತ್ತು ವಿಶೇಷ ಹೆಚ್ಚುವರಿ ಸುಂಕದ ಹೆಸರಿನಲ್ಲಿ. ಸೆಸ್, ಸರ್‌ಚಾರ್ಜ್‌ಗಳಂತೆ ಈ ಹಣವೂ ರಾಜ್ಯಗಳ ಜೊತೆ ಹಂಚಿಕೊಳ್ಳುವ ರಾಶಿಗೆ ಸೇರುವುದಿಲ್ಲ. ಇದರ ಮೇಲೆ, ಆ ರಾಶಿಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುವ ಹಣಕಾಸು ಆಯೋಗಗಳ ಪೈಕಿ 14ನೆಯದರಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದಿತ್ತು. ಕೆಟ್ಟ ವರ್ಷದಲ್ಲಿ ರಾಜ್ಯದ ಎರಡೂ ಕೈ ಒಟ್ಟಿಗೆ ಬರಿದಾದದ್ದು ಹೀಗೆ.

ಕತ್ತರಿ ಬೀಳುವುದು ಎಲ್ಲಿ?

ಸಂಬಳ ನಿಲ್ಲಿಸಲಾಗದು. 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಅದು ಏರಿದೆ ಕೂಡ. ಪಿಂಚಣಿ, ಬಡ್ಡಿ ತಪ್ಪಿಸಲಾಗದು. ಐದು ಗ್ಯಾರಂಟಿಗಳಿಗೆ 2025–26ರಲ್ಲಿ ಇಟ್ಟ 51,034 ಕೋಟಿಯಂಥ ಮೊತ್ತವನ್ನು ಮುಟ್ಟಲು ರಾಜಕೀಯ ಧೈರ್ಯ ಬೇಕು. ಉಳಿಯುವುದು ಬಂಡವಾಳ ವೆಚ್ಚ ಮತ್ತು ದುರಸ್ತಿ. ರಸ್ತೆಗೆ ಸಂಘಟನೆ ಇಲ್ಲ, ಮೋರಿ ಮುಷ್ಕರ ಹೂಡುವುದಿಲ್ಲ.

ಈ ಕಡಿತವನ್ನು ಯಾರೂ ಘೋಷಿಸುವುದೂ ಇಲ್ಲ. ಕಾಮಗಾರಿಗೆ ಆಡಳಿತಾತ್ಮಕ ಅನುಮೋದನೆ ಸಿಗುತ್ತದೆ, ಆರ್ಥಿಕ ಇಲಾಖೆ ಸಹಮತಿ ಕೊಡುತ್ತದೆ, ಟೆಂಡರ್ ಆಗುತ್ತದೆ, ಕಾರ್ಯಾದೇಶ ಹೊರಡುತ್ತದೆ, ಶಾಸಕರು ಗುದ್ದಲಿ ಪೂಜೆ ಮಾಡುತ್ತಾರೆ. ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಕಳಿಸಿದ ಮೇಲೆ ವಿಭಾಗಕ್ಕೆ ಎಲ್‌ಒಸಿ, ಅಂದರೆ ಹಣ ಪಾವತಿಸಲು ಅನುಮತಿ ಪತ್ರ, ಬಿಡುಗಡೆಯಾಗಬೇಕು. ಹಣ ಬಿಗಿಯಾದಾಗ ನಿಲ್ಲುವುದು ಈ ಕೊನೆಯ ಮೆಟ್ಟಿಲಲ್ಲಿ. ಬಜೆಟ್ ಪುಸ್ತಕದಲ್ಲಿ ಕಾಮಗಾರಿ ಜೀವಂತ, ನೆಲದ ಮೇಲೆ ಜಲ್ಲಿ ರಾಶಿ ಮಾತ್ರ. ಗುತ್ತಿಗೆದಾರರು ಬಡ್ಡಿಗೆ ಹಣ ತಂದು ಕೂಲಿ ಕೊಡುತ್ತಾರೆ, ಆಗದಿದ್ದರೆ ಕೆಲಸ ಬಿಟ್ಟು ಹೋಗುತ್ತಾರೆ. ಮುಂದಿನ ಟೆಂಡರಿನಲ್ಲಿ ಆ ಬಡ್ಡಿಯನ್ನೂ ದರಕ್ಕೆ ಸೇರಿಸುತ್ತಾರೆ. ತಡ ಮಾಡಿ ಉಳಿಸಿದ ಹಣ ಹೀಗೆ ದರ ಏರಿಕೆಯಾಗಿ ವಾಪಸು ಹೋಗುತ್ತದೆ.

ಕೇಂದ್ರವೂ 2020ರ ಏಪ್ರಿಲ್‌ನಲ್ಲಿ ಇದನ್ನೇ ಮಾಡಿತ್ತು, ಆದರೆ ಬರಹದಲ್ಲಿ. ಇಲಾಖೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಆ ತ್ರೈಮಾಸಿಕದಲ್ಲಿ ಬಿ ವರ್ಗ ಬಜೆಟ್‌ನ ಶೇ 20, ಸಿ ವರ್ಗ ಶೇ 15 ಮೀರದಂತೆ ಮಿತಿ ಹಾಕಿತು. ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನೂ ತಡೆಹಿಡಿಯಿತು. ಯಾವುದು ನಿಂತಿದೆ ಎಂದು ಜನರಿಗೆ ಗೊತ್ತಾಗುವುದಾದರೂ ಇದರಲ್ಲಿತ್ತು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಹಾಸನದವರು ದೂರ ನೋಡಬೇಕಿಲ್ಲ. 1996–97ರಲ್ಲಿ ಮಂಜೂರಾದ ಹಾಸನ–ಬೆಂಗಳೂರು ಹೊಸ ರೈಲು ಮಾರ್ಗದಲ್ಲಿ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಸಕಲೇಶಪುರದ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಒಪ್ಪಿದ ವೆಚ್ಚ 8,323 ಕೋಟಿ. 2014ರಲ್ಲಿ ಅದು 12,912 ಕೋಟಿ, 2023ರಲ್ಲಿ 23,251 ಕೋಟಿ. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6ರಂದು. ಭೂಸ್ವಾಧೀನ, ವ್ಯಾಜ್ಯ, ವಿನ್ಯಾಸ ಬದಲಾವಣೆ ಎಲ್ಲವೂ ಇದರಲ್ಲಿವೆ, ಹಣದ ಕೊರತೆಯೊಂದೇ ಕಾರಣವಲ್ಲ. ಆ ಯೋಜನೆ ಬೇಕಿತ್ತೇ ಎಂಬ ಪ್ರಶ್ನೆಯೂ ಬೇರೆ ಇದೆ. ಆದರೆ ಎಳೆದಷ್ಟೂ ಕಾಮಗಾರಿ ದುಬಾರಿಯಾಗುತ್ತದೆ ಎಂಬುದು ಈ ಮೂರು ಅಂಕಿಗಳಲ್ಲಿ ಸ್ಪಷ್ಟವಾಗಿದೆ.

ನೂರು ಕೋಟಿಯ ಲೆಕ್ಕ

ಜಿಲ್ಲೆಯೊಂದರಲ್ಲಿ 100 ಕೋಟಿಯ ರಸ್ತೆ ಕೆಲಸ ನಿಲ್ಲಿಸಿದರು ಎಂದುಕೊಳ್ಳೋಣ. ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ 2013ರ ಅಧ್ಯಯನದ ಪ್ರಕಾರ, ಭಾರತದಲ್ಲಿ ಸರ್ಕಾರದ ಒಂದು ರೂಪಾಯಿ ಬಂಡವಾಳ ವೆಚ್ಚ ದೇಶದ ಉತ್ಪನ್ನವನ್ನು 2.45 ರೂಪಾಯಿಯಷ್ಟು ಹೆಚ್ಚಿಸುತ್ತದೆ. ನೇರ ವರ್ಗಾವಣೆಯ ಒಂದು ರೂಪಾಯಿಯಿಂದ ಹೆಚ್ಚುವುದು 0.98 ರೂಪಾಯಿ. ರಸ್ತೆಯ ಹಣ ಜಲ್ಲಿ ಕ್ರಷರ್, ಟಿಪ್ಪರ್, ಕೂಲಿ, ಹೋಟೆಲ್ ಎಂದು ಕೈ ಬದಲಾಯಿಸುತ್ತ ಹೋಗುತ್ತದೆ, ರಸ್ತೆಯಾದ ಮೇಲೆ ಸಾಗಣೆಯೂ ಅಗ್ಗವಾಗುತ್ತದೆ. ಹಾಗಾಗಿ ಈ ವ್ಯತ್ಯಾಸ.

ಈ ಅಂದಾಜನ್ನೇ ಹಿಡಿದರೆ 100 ಕೋಟಿ ನಿಲ್ಲಿಸಿದಾಗ ಒಟ್ಟು ಆದಾಯ 245 ಕೋಟಿ ಇಳಿಯುತ್ತದೆ. ಕರ್ನಾಟಕದ ಸ್ವಂತ ತೆರಿಗೆ ರಾಜ್ಯದ ಉತ್ಪನ್ನದ ಸುಮಾರು ಶೇ 6.8. ಅಂದರೆ ರಾಜ್ಯ ಕಳೆದುಕೊಳ್ಳುವ ತೆರಿಗೆ ಸುಮಾರು 17 ಕೋಟಿ. ಕೇಂದ್ರ ಮತ್ತು ರಾಜ್ಯಗಳ ತೆರಿಗೆ ಒಟ್ಟಾಗಿ ದೇಶದ ಉತ್ಪನ್ನದ ಶೇ 17–18ರಷ್ಟಿರುವುದರಿಂದ ಎಲ್ಲ ಸರ್ಕಾರಗಳ ಒಟ್ಟು ನಷ್ಟ 42–44 ಕೋಟಿ.

ಇಲ್ಲಿ ನಿಂತು ಯೋಚಿಸಬೇಕು. ಕಡಿತದಿಂದ ಏನೂ ಉಳಿಯುವುದಿಲ್ಲ ಎಂಬ ವಾದ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಆರ್ಥಿಕ ಇಲಾಖೆಯ ಮೇಜಿನ ಮೇಲೆ 100ರಲ್ಲಿ 83 ಕೋಟಿ ಉಳಿತಾಯವಾಗಿ ಕಾಣುತ್ತದೆ. ನಷ್ಟದ ದೊಡ್ಡ ಪಾಲು ಕೇಂದ್ರದ ಬೊಕ್ಕಸಕ್ಕೆ, ಬೇರೆ ರಾಜ್ಯದ ಸಿಮೆಂಟ್ ಕಾರ್ಖಾನೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಊರಿನ ಕೂಲಿಗೆ ಬೀಳುತ್ತದೆ. ಹಾಗಾಗಿ ಪ್ರತಿ ರಾಜ್ಯವೂ ತನ್ನ ಮಟ್ಟಿಗೆ ಸರಿಯಾಗಿಯೇ ಲೆಕ್ಕ ಹಾಕಿ ಕಡಿತ ಮಾಡುತ್ತದೆ, ಎಲ್ಲ ರಾಜ್ಯಗಳೂ ಹಾಗೆ ಮಾಡಿದಾಗ ದೇಶ ಇನ್ನಷ್ಟು ಕುಸಿಯುತ್ತದೆ. ಹಿಂಜರಿತದಲ್ಲಿ ಖರ್ಚಿನ ಹೊಣೆ ಕೇಂದ್ರದ್ದಾಗಬೇಕು ಎನ್ನಲು ಇದೇ ಬಲವಾದ ಕಾರಣ. ಖರ್ಚು ಉಳಿಸಿಕೊಂಡರೆ ಬರುವ ತೆರಿಗೆಯಲ್ಲಿ ದೊಡ್ಡ ಭಾಗ ಅದರದ್ದೇ, ಅದರ ಹಿಂದೆ ರಿಸರ್ವ್ ಬ್ಯಾಂಕ್ ಇದೆ, ತನ್ನ ಸಾಲಕ್ಕೆ ಅದು ಯಾರ ಒಪ್ಪಿಗೆಯನ್ನೂ ಕೇಳಬೇಕಿಲ್ಲ. ರಾಜ್ಯಕ್ಕಾದರೆ, ಕೇಂದ್ರದ ಸಾಲ ಬಾಕಿ ಇರುವವರೆಗೂ ಸಂವಿಧಾನದ 293(3)ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು.

ಬಿಗಿ ಹಿಡಿಯಬೇಕು ಎನ್ನುವವರ ಮಾತಲ್ಲೂ ಹುರುಳಿದೆ

1991ರಲ್ಲಿ ಚಿನ್ನ ಅಡವಿಡುವ ಸ್ಥಿತಿ ಬಂದದ್ದಕ್ಕೆ ಎಂಬತ್ತರ ದಶಕದ ಕೊರತೆಯೂ ಕಾರಣ. 2008ರ ಜಾಗತಿಕ ಬಿಕ್ಕಟ್ಟಿನಲ್ಲಿ ಜಿಡಿಪಿಯ ಶೇ 2.5ಕ್ಕೆ ಮಿತಿಗೊಳಿಸಬೇಕಿದ್ದ ಕೇಂದ್ರದ ವಿತ್ತೀಯ ಕೊರತೆ ಶೇ 6ಕ್ಕೆ ಹೋಯಿತು. ಅದು ಆಗ ಬೇಕಿತ್ತು. ಬೆಳವಣಿಗೆ ಮರಳಿದ ಮೇಲೂ ಕೊರತೆ ಬೇಗ ಇಳಿಯಲಿಲ್ಲ, ಮುಂದಿನ ವರ್ಷಗಳ ಬೆಲೆ ಏರಿಕೆಗೆ ಅದೂ ಒಂದು ಕಾರಣವಾಯಿತು. ಸುಲಭವಾಗಿ ಏರಿದ ಖರ್ಚು ಸುಲಭವಾಗಿ ಇಳಿಯುವುದಿಲ್ಲ ಎಂಬ ಅವರ ಎಚ್ಚರಿಕೆ ಸರಿಯಾದದ್ದೇ.

ಎದುರು ಉದಾಹರಣೆ ಗ್ರೀಸ್. 2010ರ ನಂತರ ಸಾಲ ಕೊಟ್ಟವರ ಷರತ್ತಿನಂತೆ ಅದು ಸಂಬಳ, ಪಿಂಚಣಿ, ಖರ್ಚು ಎಲ್ಲ ಕಡಿದು ತೆರಿಗೆ ಏರಿಸಿತು. ಕೆಲವೇ ವರ್ಷಗಳಲ್ಲಿ ಅದರ ಆರ್ಥಿಕತೆ ಕಾಲು ಭಾಗದಷ್ಟು ಕುಗ್ಗಿತು. 2009ರಲ್ಲಿ ಜಿಡಿಪಿಯ ಶೇ 127ರ ಆಸುಪಾಸಿದ್ದ ಸಾಲ, ನಡುವೆ 2012ರಲ್ಲಿ ಒಂದು ಭಾಗ ಮನ್ನಾ ಆದರೂ, 2014ರ ಹೊತ್ತಿಗೆ ಶೇ 180ರ ಹತ್ತಿರ ಹೋಯಿತು. ಕಡಿತದ ಪೆಟ್ಟು ಎಷ್ಟೆಂದು ಮುಂಚೆ ಕಡಿಮೆ ಅಂದಾಜು ಮಾಡಲಾಗಿತ್ತು ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರಾದ ಬ್ಲಾಂಶಾರ್ ಮತ್ತು ಲೀ 2013ರಲ್ಲಿ ತೋರಿಸಿಕೊಟ್ಟರು.

ಗ್ಯಾರಂಟಿಗಳ ವಿಷಯದಲ್ಲೂ ಖರ್ಚು ಮಾಡಿ ಎನ್ನುವವರು, ಬಿಗಿ ಹಿಡಿಯಿರಿ ಎನ್ನುವವರು ಇಬ್ಬರೂ ಅರ್ಧ ಸತ್ಯ ಹೇಳುತ್ತಾರೆ. ತಿಂಗಳಿಗೆ 2,000 ರೂಪಾಯಿ ಕೈಗೆ ಬಂದ ಮಹಿಳೆ ಅದನ್ನು ಊರಿನ ಅಂಗಡಿಯಲ್ಲೇ ಖರ್ಚು ಮಾಡುತ್ತಾಳೆ, ಅದೂ ತಕ್ಷಣ. ಸೇತುವೆಯ ಹಣ ಊರಿಗೆ ಬರಲು ಎರಡು ವರ್ಷ ಬೇಕು. ಹಿಂಜರಿತದ ಮೊದಲ ತಿಂಗಳುಗಳಲ್ಲಿ ನಗದಿನ ಕೆಲಸವನ್ನು ಸೇತುವೆ ಮಾಡಲಾರದು. ಆದರೆ ಒಳ್ಳೆಯ ವರ್ಷದಲ್ಲೂ ನಗದು ನೆರವು ಇಷ್ಟೇ ಗಾತ್ರದಲ್ಲಿದ್ದರೆ, ಕೆಟ್ಟ ವರ್ಷದಲ್ಲಿ ಹೆಚ್ಚಿಸಲು ಏನೂ ಉಳಿಯದು.

ಸಾಲ ಮಾಡದೆಯೂ ಮಿತಿ ದಾಟಬಹುದು

ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ. ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ 3ರೊಳಗೆ, ಒಟ್ಟು ಸಾಲದ ಹೊಣೆ ಶೇ 25ರೊಳಗೆ ಇರಬೇಕು. 2025–26ರ ಬಜೆಟ್‌ನಲ್ಲಿ ಇವು ಶೇ 2.95 ಮತ್ತು ಶೇ 24.91. ಒಟ್ಟು ಹೊಣೆ 7,64,655 ಕೋಟಿ, ರಾಜ್ಯದ ಉತ್ಪನ್ನ ಸುಮಾರು 30.7 ಲಕ್ಷ ಕೋಟಿ.

ಮಿತಿಗೂ ಸಾಲಕ್ಕೂ ನಡುವೆ ಉಳಿದದ್ದು ಸುಮಾರು 2,800 ಕೋಟಿ. ಈಗ ಉತ್ಪನ್ನ ಅಂದಾಜಿಗಿಂತ ಶೇ 1ರಷ್ಟು ಕಡಿಮೆಯಾಯಿತು ಎನ್ನಿ. ಅದು 30.4 ಲಕ್ಷ ಕೋಟಿಯಾಗುತ್ತದೆ, ಅದೇ ಸಾಲ ಶೇ 25.16 ಆಗುತ್ತದೆ. ಒಂದು ರೂಪಾಯಿ ಹೊಸ ಸಾಲ ತರದೆಯೂ ಮಿತಿ ದಾಟಿದಂತಾಯಿತು. ಶೇಕಡಾವಾರು ಮಿತಿಯ ತೊಂದರೆ ಇದು. ಮಳೆ ಕೈಕೊಟ್ಟಾಗ, ಮಾರುಕಟ್ಟೆ ಬಿದ್ದಾಗ, ಸಾಲದ ಅಗತ್ಯ ಏರುವ ಹೊತ್ತಿಗೇ ಮಿತಿ ಕೆಳಗೆ ಇಳಿಯುತ್ತದೆ. 2020ರಲ್ಲಿ ಕೇಂದ್ರ ಶೇ 3ರ ಮಿತಿಯನ್ನು ಶೇ 5ಕ್ಕೆ ಏರಿಸಿ ದಾರಿ ಮಾಡಿಕೊಟ್ಟಿತು. ಆದರೆ ಹೆಚ್ಚಿಸಿದ ಶೇ 2ರಲ್ಲಿ ಷರತ್ತಿಲ್ಲದೆ ಸಿಕ್ಕದ್ದು ಶೇ 0.5 ಮಾತ್ರ. ಉಳಿದದ್ದಕ್ಕೆ ಪಡಿತರ ಚೀಟಿ, ವಿದ್ಯುತ್, ನಗರಾಡಳಿತದಂಥ ಸುಧಾರಣೆಗಳ ಕಟ್ಟುಪಾಡಿತ್ತು. ಆಮೇಲೆ ಬಂದ 50 ವರ್ಷಗಳ ಬಡ್ಡಿರಹಿತ ಬಂಡವಾಳ ಸಾಲ ಉಪಯುಕ್ತ ಯೋಜನೆ. ಕಾಮಗಾರಿಗೇ ಬಳಸಬೇಕಾದ್ದರಿಂದ ಆ ಹಣ ಸಂಬಳಕ್ಕೆ ಸೋರುವುದಿಲ್ಲ.

ಕೂಲಿ ಖಾತರಿಯ ಹೊಸ ಗಣಿತ

ನರೇಗಾ ಕಾಯ್ದೆಯಲ್ಲಿ ಕೂಲಿಯ ಪೂರ್ತಿ ಹಣ ಕೇಂದ್ರದ್ದು, ಸಾಮಗ್ರಿಯಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು. ಕೆಲಸ ಕೇಳಿದವರಿಗೆ ಕೊಡಲೇಬೇಕಿತ್ತು. ಆದ್ದರಿಂದ ಹಿಂಜರಿತ ಬಂದಾಗ ಯಾರೂ ತೀರ್ಮಾನಿಸದಿದ್ದರೂ ಖರ್ಚು ತಾನಾಗಿ ಏರುತ್ತಿತ್ತು. 2020–21ರಲ್ಲಿ 61,500 ಕೋಟಿ ಇಟ್ಟಿದ್ದ ಯೋಜನೆಗೆ ಮೇ ತಿಂಗಳಲ್ಲಿ ಇನ್ನೂ 40,000 ಕೋಟಿ ಸೇರಿತು. ಆ ವರ್ಷ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ಸಿಕ್ಕಿತು. ನಗರ ಬಿಟ್ಟು ಅರಸೀಕೆರೆ, ತರೀಕೆರೆ ಕಡೆಯ ಹಳ್ಳಿಗಳಿಗೆ ಮರಳಿದವರಿಗೂ ಕೆಲಸ ಕೇಳಲು ಒಂದು ಬಾಗಿಲಿತ್ತು.

2025ರ ಡಿಸೆಂಬರ್‌ನ ಕಾಯ್ದೆ ದಿನಗಳನ್ನು 100ರಿಂದ 125ಕ್ಕೆ ಏರಿಸಿದೆ. ಜೊತೆಗೆ ವೆಚ್ಚವನ್ನು 60:40 ಹಂಚಿದೆ, ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಂದು ಹಂಚಿಕೆ ನಿಗದಿ ಮಾಡಿ ಅದನ್ನು ಮೀರಿದ್ದನ್ನು ರಾಜ್ಯವೇ ಭರಿಸಬೇಕು ಎಂದಿದೆ. ಕೃಷಿ ಕೆಲಸದ ಭರಾಟೆಯಲ್ಲಿ ಒಟ್ಟು 60 ದಿನ ಯೋಜನೆ ನಿಲ್ಲಿಸಲೂ ಅವಕಾಶವಿದೆ. ಕಾಫಿ ಕೊಯ್ಲಿಗೆ ಆಳು ಸಿಗದೆ ಒದ್ದಾಡುವ ಬೆಳೆಗಾರರಿಗೆ ಈ ಕೊನೆಯ ಅಂಶ ಇಷ್ಟವಾಗಬಹುದು. ರಾಜ್ಯಗಳಿಗೂ ಪಾಲಿದ್ದರೆ ದುಂದುವೆಚ್ಚ, ನಕಲಿ ಹಾಜರಿ ಕಡಿಮೆಯಾಗುತ್ತದೆ ಎಂಬ ಕೇಂದ್ರದ ವಾದವನ್ನೂ ತಳ್ಳಿಹಾಕುವಂತಿಲ್ಲ.

ಆದರೆ ಹಿಂಜರಿತದ ವರ್ಷವನ್ನು ಮನಸ್ಸಿನಲ್ಲಿಟ್ಟು ನೋಡಿ. ಕೆಲಸ ಕೇಳುವವರು ಹೆಚ್ಚುತ್ತಾರೆ, ರಾಜ್ಯದ ತೆರಿಗೆ ಇಳಿಯುತ್ತದೆ, ಕೇಂದ್ರದ ಪಾಲು ಇಳಿಯುತ್ತದೆ, ಸಾಲದ ಮಿತಿ ಇಳಿಯುತ್ತದೆ. ಆ ಹೊತ್ತಿಗೇ ಕೂಲಿಯ ಶೇ 40, ನಿಗದಿ ಮೀರಿದರೆ ಪೂರ್ತಿ, ರಾಜ್ಯ ಹೊಂದಿಸಬೇಕು. ಹೊಂದಿಸಲಾಗದ ರಾಜ್ಯ ಕೆಲಸದ ಬೇಡಿಕೆಯನ್ನು ಕಡಿಮೆ ದಾಖಲಿಸುವ ದಾರಿ ಹಿಡಿಯುತ್ತದೆ. ತಾನಾಗಿ ಬಿಚ್ಚಿಕೊಳ್ಳುತ್ತಿದ್ದ ಕೊಡೆಯನ್ನು ಮಳೆ ಬಂದ ಮೇಲೆ ಹಣ ಹೊಂದಿಸಿ ಬಿಚ್ಚುವಂತಾಗಿದೆ. ಈ ಒಂದು ಅಂಶವನ್ನಾದರೂ ತಿದ್ದಬೇಕು. ದೇಶದ ಬೆಳವಣಿಗೆ ಇಂತಿಷ್ಟಕ್ಕಿಂತ ಕೆಳಗಿಳಿದ ವರ್ಷ ಹೆಚ್ಚುವರಿ ಕೂಲಿ ಕೇಂದ್ರದ್ದೇ ಎಂಬ ನಿಯಮ ಸೇರಿಸಿದರೂ ಸಾಕು.

ಮಲೆನಾಡಿನ ಕ್ಯಾಲೆಂಡರ್

ಹಣ ತಡೆದು ಬಿಡುವುದರ ಪೆಟ್ಟು ಮಲೆನಾಡಿಗೆ ಬಯಲುಸೀಮೆಗಿಂತ ಜೋರು. ಮೂಡಿಗೆರೆ, ಶೃಂಗೇರಿ, ಕೊಪ್ಪ, ಸಕಲೇಶಪುರದಲ್ಲಿ ಡಾಂಬರು ಹಾಕಲು, ಮೋರಿ ಕಟ್ಟಲು ಸಿಗುವುದು ಹೆಚ್ಚೆಂದರೆ ನವೆಂಬರ್‌ನಿಂದ ಮೇವರೆಗೆ. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ವರಮಾನ ನೋಡಿಕೊಂಡು ಬಿಡೋಣ ಎಂದು ಆರ್ಥಿಕ ಇಲಾಖೆ ಎಲ್‌ಒಸಿಯನ್ನು ಫೆಬ್ರುವರಿಗೆ ತಳ್ಳಿದರೆ, ಕೆಲಸಕ್ಕೆ ಉಳಿಯುವುದು ಎರಡು ಮೂರು ತಿಂಗಳು. ಅದೂ ರೊಬಸ್ಟಾ ಕೊಯ್ಲು ನಡೆಯುವ, ಆಳು ಸಿಗದ ಕಾಲ. ಅವಸರದಲ್ಲಿ ಜಲ್ಲಿ ಸರಿಯಾಗಿ ಅದುಮದೆ ಡಾಂಬರು ಹಾಕಿದರೆ ಜೂನ್ ಮಳೆಗೆ ಅಂಚು ಕೊಚ್ಚುತ್ತದೆ. ಪಕ್ಕದ ಚರಂಡಿ ಬಿಡಿಸುವ ಸಣ್ಣ ಹಣವೂ ಬರದಿದ್ದರೆ ನೀರು ರಸ್ತೆಯ ಮೇಲೇ ಹರಿದು ಅಡಿಪಾಯಕ್ಕೆ ಇಳಿಯುತ್ತದೆ. ಮೇಲ್ಪದರ ಬದಲಿಸಿ ಮುಗಿಸಬಹುದಾಗಿದ್ದ ರಸ್ತೆಯನ್ನು ಮರುವರ್ಷ ತಳದಿಂದ ಕಟ್ಟಬೇಕಾಗುತ್ತದೆ.

ಹಾಗಾಗಿ ಈ ಜಿಲ್ಲೆಗಳವರು ಬಜೆಟ್ ಭಾಷಣದ ದಿನಕ್ಕಿಂತ ಡಿಸೆಂಬರ್ ತಿಂಗಳನ್ನು ಗಮನಿಸುವುದು ಮೇಲು. ಮಹಾಲೇಖಪಾಲರು ರಾಜ್ಯದ ಲೆಕ್ಕವನ್ನು ಪ್ರತಿ ತಿಂಗಳೂ ಪ್ರಕಟಿಸುತ್ತಾರೆ. ಅದರಲ್ಲಿ ಬಂಡವಾಳ ವೆಚ್ಚದ ಬಜೆಟ್ ಅಂದಾಜು ಮತ್ತು ಅಲ್ಲಿಯವರೆಗೆ ಆದ ಖರ್ಚು ಅಕ್ಕಪಕ್ಕ ಇರುತ್ತವೆ. ಒಂಬತ್ತು ತಿಂಗಳು ಕಳೆದಾಗ ಅರ್ಧವೂ ಖರ್ಚಾಗಿರದಿದ್ದರೆ ಕಡಿತ ಆಗಲೇ ನಡೆದಿದೆ ಎಂದರ್ಥ, ಯಾರೂ ಹೇಳಿರದಿದ್ದರೂ. ಶಾಸಕರನ್ನು, ಲೋಕೋಪಯೋಗಿ ವಿಭಾಗವನ್ನು ಕೇಳುವುದಾದರೆ ಆಗಲೇ ಕೇಳಬೇಕು. ಮಾರ್ಚ್‌ನಲ್ಲಿ ಕೇಳಿದರೆ ಹಣ ಬಂದರೂ ಬರಬಹುದು, ಬಿಸಿಲಿನ ದಿನಗಳು ಮಾತ್ರ ಉಳಿದಿರುವುದಿಲ್ಲ.